ಆಟದ ಪೆಟ್ಟಿಗೆಯೂ ಬೀರಮ್ಮನ ಕೈಗುಣವೂ

ಹಿಂಬದಿಯ ಹಲಗೆ ತೆಗೆದಾಗ ಮೈತ್ರೇಯಿಗೆ ಮೊದಲು ಕಂಡದ್ದು ಕುಂಕುಮ. ಊಟದ ಡಬ್ಬಿಯಷ್ಟು ದೊಡ್ಡ ಕಬ್ಬಿಣದ ಪೆಟ್ಟಿಗೆಯ ಮೇಲೆ ವಿಭೂತಿಯ ಮೂರು ಗೆರೆ, ನಡುವೆ ದಪ್ಪನೆಯ ಬೊಟ್ಟು, ಪಕ್ಕದಲ್ಲಿ ಒಣಗಿ ಕಪ್ಪಾದ ಒಂದು ಸೇವಂತಿಗೆ. ಅದು ಆಟದ ಯಂತ್ರದ ಪವರ್ ಸಪ್ಲೈ. ಗೋಡೆಯಿಂದ ಬರುವ ಕರೆಂಟನ್ನು ಯಂತ್ರಕ್ಕೆ ಬೇಕಾದಷ್ಟಕ್ಕೆ ಇಳಿಸಿ ಕೊಡುವುದು ಅದರ ಕೆಲಸ.

"ನೋಡಿದ್ರಾ ಮೇಡಂ?" ಎಂದ ಹರೀಶ. "ಆಯುಧಪೂಜೆ ದಿನ ಅಮ್ಮ ಇದನ್ನ ಆಫ್ ಮಾಡಿ, ಇಷ್ಟು ಮೆತ್ತಿದ್ರು. ಮಾರನೇ ದಿನ ಒತ್ತಿದ್ರೆ ಸತ್ತೇ ಹೋಗಿತ್ತು. ಒರೆಸಿಬಿಡ್ಲಾ?"

"ಒರೆಸಬೇಡ. ಹೇಗಿದೆಯೋ ಹಾಗೇ ಇರಲಿ."

ಮೈತ್ರೇಯಿ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕಿ. ಯಾದವಗಿರಿಯ ಅವಳ ಮನೆಯ ವರಾಂಡದಲ್ಲಿ ಯಾರದೋ ರೇಡಿಯೊ, ಯಾರದೋ ಟೇಪ್ ರೆಕಾರ್ಡರ್ ಹೊಟ್ಟೆ ಬಿಚ್ಚಿಕೊಂಡು ಮಲಗಿಯೇ ಇರುತ್ತಿದ್ದವು. ಹರೀಶ ಅವಳ ಹಳೆಯ ವಿದ್ಯಾರ್ಥಿ. ಮಂಡಿ ಮೊಹಲ್ಲಾದಲ್ಲಿ ಬೇಳೆ ಬೆಲ್ಲದ ಮಂಡಿಗಳ ನಡುವೆ ಅವನದೊಂದು ಟೀ ಅಂಗಡಿ. ಅಪ್ಪ ದೇವಯ್ಯ ಇದ್ದಾಗ ಅದು ವಿಡಿಯೊ ಗೇಮ್ ಅಂಗಡಿಯಾಗಿತ್ತು. ಆ ಕಾಲದ ಪೆಟ್ಟಿಗೆಗಳಲ್ಲಿ ಉಳಿದಿರುವುದು ಇದೊಂದೇ: ಆಳೆತ್ತರದ ಪ್ಲೈವುಡ್ಡು, ದಪ್ಪ ಬೆನ್ನಿನ ಹಳೆಯ ಟೀವಿ, ಆಕಾಶದಿಂದ ಇಳಿಯುವ ಹಡಗುಗಳನ್ನು ಹೊಡೆದುರುಳಿಸುವ ಒಂದು ಆಟ. ಟೀ ಕುಡಿಯಲು ಬಂದ ಹಮಾಲರೂ ಫೋಟೊ ತೆಗೆಯಲು ಬಂದ ಕಾಲೇಜು ಹುಡುಗಿಯರೂ ಅದರ ಮುಂದೆ ನಿಂತು ಒಂದೇ ರೀತಿ ಸೋಲುತ್ತಿದ್ದರು.

"ಅಮ್ಮ ಎಲ್ಲಿ?"

ಹರೀಶ ಮಹಡಿಯ ಕಡೆ ಗಲ್ಲ ಎತ್ತಿದ. "ಕೆಳಗೇ ಇಳೀತಿಲ್ಲ. ಸಿಟ್ಟಲ್ಲಿ ನಾನು ಏನೋ ಒಂದು ಮಾತು ಅಂದೆ."

"ಏನೋ ಒಂದು ಅಲ್ಲ ಮೇಡಂ," ಎಂದಳು ಲಾಸ್ಯ. ಪಕ್ಕದ ಬ್ಯೂಟಿ ಪಾರ್ಲರ್ ಅವಳದು. ಭಾನುವಾರದ ಮಧ್ಯಾಹ್ನ ಗಿರಾಕಿ ಇಲ್ಲದೆ ಬಾಗಿಲಿಗೆ ಒರಗಿ ನಿಂತಿದ್ದಳು. "'ನಿನ್ ಕೈ ಬಿದ್ದಿದ್ದಕ್ಕೇ ಇದು ಹಾಳಾಗಿದ್ದು' ಅಂದ. ಅಂಗಡಿ ತುಂಬ ಜನ. ಬೀರಮ್ಮನ ಕೈಗೆ ಹಂಗಂತಾರೇನ್ರೀ ಯಾರಾದ್ರೂ?"

ಬೀರಮ್ಮನ ಕೈಗುಣ ಮೊಹಲ್ಲಾದಲ್ಲಿ ಹೆಸರಾದದ್ದು. ಹೊಸ ಅಂಗಡಿ ತೆರೆದರೆ, ಹೊಸ ತಕ್ಕಡಿ ತಂದರೆ, ಮೊದಲ ಬೋಣಿ ಅವಳ ಕೈಯಿಂದಲೇ ಆಗಬೇಕು. ದೇವಯ್ಯ ತೀರಿಕೊಂಡಾಗ, ಇನ್ನು ತನ್ನನ್ನು ಯಾರೂ ಕರೆಯುವುದಿಲ್ಲವೆಂದು ಅವಳು ತೀರ್ಮಾನಿಸಿದ್ದಳಂತೆ. ಗಂಡ ಹೋದವಳ ಕೈಯಲ್ಲಿ ಬೋಣಿ ಮಾಡಿಸುವವರು ಎಲ್ಲಿದ್ದಾರೆ? ಆದರೆ ಮೊದಲು ಬೆಲ್ಲದ ಮಂಡಿಯವರು ಬಂದು ಕರೆದರು, ಆಮೇಲೆ ಎಲ್ಲರೂ ಕರೆದರು. ಬೀದಿಯೇ ಆಡದ ಮಾತನ್ನು ಈಗ ಮಗ ಆಡಿದ್ದ. ಬರುವ ಶುಕ್ರವಾರ ಲಾಸ್ಯ ಪಾರ್ಲರಿಗೆ ಹೊಸ ಕುರ್ಚಿ ಹಾಕಿಸುತ್ತಿದ್ದಳು. ಬೋಣಿಗೆ ಬನ್ನಿ ಎಂದು ಕರೆಯಲು ಹೋದರೆ ಬೀರಮ್ಮ ಒಳಗಿನಿಂದಲೇ, "ನನ್ ಕೈ ಕೆಟ್ಟೋಗದೆ ಕಣವ್ವ, ಬ್ಯಾರೆಯವ್ರನ್ನ ಕರ್ಕೊ" ಎಂದಿದ್ದಳು.

"ಅವ್ರ ಕೈಲಿ ಆಗ್ದಿದ್ರೆ ಬೋಣೀನೇ ಬೇಡ," ಎಂದಳು ಲಾಸ್ಯ. "ಕುರ್ಚಿ ಪ್ಲಾಸ್ಟಿಕ್ ಸುತ್ಕೊಂಡೇ ಇರ್ಲಿ."

ಮೈತ್ರೇಯಿಗೆ ಕೈಗುಣದಲ್ಲಿ ನಂಬಿಕೆ ಇರಲಿಲ್ಲ. ಮೇಲೆ ಹೋಗಿ ಅದನ್ನೇ ಹೇಳಬಹುದಿತ್ತು: ಒಬ್ಬರ ಕೈ ಬಿದ್ದರೆ ಯಂತ್ರ ಕೆಡುವುದಿಲ್ಲ, ಕೈಗುಣ ಎಂಬುದೇ ಇಲ್ಲ. ಆದರೆ ಆ ಮಾತು ಮಗನ ಆರೋಪದ ಜೊತೆಗೆ ಇಷ್ಟು ವರ್ಷಗಳ ಬೋಣಿಯನ್ನೂ ಹೊತ್ತುಕೊಂಡು ಹೋಗುತ್ತಿತ್ತು. ಅವಳ ಬಳಿ ಇದ್ದದ್ದು ಕರೆಂಟು ಅಳೆಯುವ ಒಂದು ಮೀಟರು. ಕೈ ಒಳ್ಳೆಯದೆಂದು ಅದು ತೋರಿಸಲಾರದು. ತಪ್ಪು ಎಲ್ಲಿದೆ ಎಂದು ಮಾತ್ರ ತೋರಿಸಬಲ್ಲದು.

ಅವಳು ಕೆಲಸ ಶುರುಮಾಡಿದಳು. ಗೋಡೆಯಿಂದ ಬರುವ ಕರೆಂಟು ಸಪ್ಲೈವರೆಗೂ ಸರಿಯಾಗಿ ಬರುತ್ತಿತ್ತು. ಫ್ಯೂಸ್ ಹೋಗಿರಲಿಲ್ಲ. ಅದರಿಂದ ಹೊರಬರಬೇಕಾದ ಐದು ವೋಲ್ಟು ಮಾತ್ರ ಇರಲಿಲ್ಲ. ಆಟವನ್ನು ನಡೆಸುವ ಸರ್ಕ್ಯೂಟ್ ಬೋರ್ಡಿನಲ್ಲೇ ಶಾರ್ಟ್ ಆಗಿ ಅದು ಸಪ್ಲೈಯನ್ನು ಕೆಳಗೆ ಎಳೆಯುತ್ತಿರಬಹುದು. ಅದಕ್ಕೆ ಬೋರ್ಡಿನ ಕನೆಕ್ಟರ್ ಕಿತ್ತು ಮತ್ತೆ ಅಳೆದಳು. ಆಗಲೂ ಸೊನ್ನೆ. ಹಾಗಾದರೆ ದೋಷ ಕುಂಕುಮ ಹಚ್ಚಿಸಿಕೊಂಡ ಪೆಟ್ಟಿಗೆಯದೇ.

ಪ್ಲಗ್ ಕಿತ್ತಳು. ಕಿತ್ತ ಮೇಲೂ ಒಳಗಿನ ದೊಡ್ಡ ಕೆಪಾಸಿಟರ್‌ಗಳು ಕರೆಂಟನ್ನು ಹಿಡಿದಿಟ್ಟುಕೊಂಡಿರುತ್ತವೆ, ಮೈಮರೆತವರನ್ನು ಎಸೆದುಬಿಡುವಷ್ಟು. ಮುಚ್ಚಳದ ತಿರುಪು ಬಿಚ್ಚಿ, ಒಂದು ಬಲ್ಬಿನ ತಂತಿಗಳನ್ನು ಅಡ್ಡ ಹಿಡಿದು ಅವನ್ನು ಖಾಲಿ ಮಾಡಿದಳು. ಅವಳಿಗೂ ಮೊದಲ ಅನುಮಾನ ಕುಂಕುಮದ ಮೇಲೆಯೇ ಇತ್ತು. ಗಾಳಿಕಿಂಡಿಯಿಂದ ಉದುರಿದ ಪುಡಿ ಒಂದು ಮೂಲೆಯಲ್ಲಿ ಕಂಡಿತು ಕೂಡ. ಅದರ ಮೇಲೆ ಮೀಟರಿನ ಕಡ್ಡಿಗಳನ್ನಿಟ್ಟು ನೋಡಿದಳು. ಪುಡಿ ಒಣಗಿತ್ತು, ಏನನ್ನೂ ಹರಿಯಗೊಡುತ್ತಿರಲಿಲ್ಲ. ಇನ್ನೊಂದು ಮೂಲೆಯಲ್ಲಿ ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಕೆಪಾಸಿಟರ್ ಇತ್ತು. ಅದರ ಬುಡದ ಸುತ್ತ ಕಂದು ಕಲೆ.

ಅವಳು ಅದನ್ನು ಸ್ವಲ್ಪ ಹೊತ್ತು ನೋಡುತ್ತ ಕುಳಿತಳು.

"ಹರೀಶ, ಆಯುಧಪೂಜೆಗೆ ಮುಂಚೆ ಇದನ್ನು ಆಫ್ ಮಾಡಿದ್ದು ಯಾವಾಗ?"

ಹರೀಶ ಲೋಟ ತೊಳೆಯುತ್ತಿದ್ದ. ತೊಳೆದಿಟ್ಟ ಲೋಟವನ್ನೇ ಎತ್ತಿ ಮತ್ತೆ ತೊಳೆದ.

"ಯುಗಾದಿ ಆದ್ಮೇಲೆ ಮಾಡೇ ಇಲ್ಲ ಮೇಡಂ."

"ಯಾಕೆ?"

"ಆಫ್ ಮಾಡಿದ್ರೆ ಬೆಳಿಗ್ಗೆ ಹತ್ತೋಕೆ ಸತಾಯಿಸ್ತಿತ್ತು. ಮತ್ತೆ ಮತ್ತೆ ಒತ್ತಬೇಕು. ಒಂದ್ಸಲ ಹತ್ತಿತು ಅಂದ್ರೆ ಏನೂ ತೊಂದ್ರೆ ಇಲ್ಲ. ಅದಕ್ಕೇ ರಾತ್ರಿ ಟೀವಿ ಮಾತ್ರ ಆರಿಸ್ತಿದ್ದೆ. ಕರೆಂಟ್ ಹೋದ್ರೆ ಯುಪಿಎಸ್ ಇತ್ತಲ್ಲ."

"ಅಮ್ಮನಿಗೆ ಗೊತ್ತಿತ್ತಾ?"

"ಏನಂತ ಹೇಳ್ಲಿ? ಹೇಳಿದ್ರೆ ರಿಪೇರಿ ಮಾಡ್ಸು ಅಂತ ಪ್ರಾಣ ತಿಂತಿದ್ರು."

ಮೈತ್ರೇಯಿಗೆ ಈಗ ಎಲ್ಲವೂ ಸ್ಪಷ್ಟವಾಯಿತು. ಇಂಥ ಸಪ್ಲೈ ಓಡುತ್ತಿರುವಾಗ ತನಗೆ ಬೇಕಾದ ಬಲವನ್ನು ತಾನೇ ಒದಗಿಸಿಕೊಳ್ಳುತ್ತದೆ. ನಿಂತದ್ದು ಮತ್ತೆ ಹೊರಡಬೇಕಾದರೆ ಮಾತ್ರ ಆ ಪುಟ್ಟ ಕೆಪಾಸಿಟರ್ ಮೊದಲ ನೂಕು ಕೊಡಬೇಕು. ಅದು ಒಣಗಿಹೋಗಿತ್ತು. ಬೆಚ್ಚಗಿದ್ದಾಗ ಹೇಗೋ ನಿಭಾಯಿಸುತ್ತದೆ, ತಣ್ಣಗಾದರೆ ಇಲ್ಲ. ಯಂತ್ರ ಯುಗಾದಿಯ ಹೊತ್ತಿಗೇ ಕೆಟ್ಟಿತ್ತು. ನಿಲ್ಲಲು ಯಾರೂ ಬಿಡದೆ ಇದ್ದುದರಿಂದ ಅದು ಯಾರಿಗೂ ಕಾಣಲಿಲ್ಲ. ವರ್ಷಕ್ಕೊಂದು ದಿನವಾದರೂ ಯಂತ್ರಕ್ಕೆ ಬಿಡುವು ಕೊಡಬೇಕೆಂದು ಬೀರಮ್ಮ ಅದನ್ನು ಆರಿಸಿದಳು, ಅದು ಪೂರ್ತಿ ತಣ್ಣಗಾಯಿತು.

"ಇದನ್ನ ಅಮ್ಮನಿಗೆ ಹೇಳು."

"ನೀವೇ ಹೇಳಿ ಮೇಡಂ. ನಾನು ಹೇಳಿದ್ರೆ ಸಮಾಧಾನ ಮಾಡೋಕೆ ಅಂತಾರೆ."

"ನಾನು ಹೇಳಿದರೂ ಹಾಗೇ ಅಂದಾರು. ಕಣ್ಣಾರೆ ನೋಡಲಿ. ಲಾಸ್ಯ, ಹೇರ್ ಡ್ರೈಯರ್ ಕೊಡ್ತೀಯಾ?"

"ನಿಮ್ ತಲೆಗಾ ಮೇಡಂ, ಇದಕ್ಕಾ?"

"ಇದಕ್ಕೆ."

"ಫೇಶಿಯಲ್ಲೂ ಮಾಡ್ಬುಡ್ಲಾ? ಬೊಟ್ಟು ಹೆಂಗೂ ಇಟ್ಟಾಗಿದೆ," ಎನ್ನುತ್ತ ಲಾಸ್ಯ ಡ್ರೈಯರ್ ತಂದಳು. ಆಮೇಲೆ ಮೆಟ್ಟಿಲು ಹತ್ತಿಹೋಗಿ, ಏನು ಹೇಳಿದಳೋ, ಬೀರಮ್ಮನನ್ನೂ ಕರೆತಂದಳು. ಬೀರಮ್ಮ ಕೊನೆಯ ಮೆಟ್ಟಿಲಿನಲ್ಲೇ ನಿಂತಳು. ಎರಡೂ ಕೈ ಸೆರಗಿನೊಳಗೆ.

"ನಾನೇನೂ ಮುಟ್ಟಾಕಿಲ್ಲ ಕಣ್ರವ್ವ. ನೋಡ್ತೀನಿ, ಅಷ್ಟೇ."

ಮೈತ್ರೇಯಿ ಸಪ್ಲೈಗೆ ಬೋರ್ಡಿನ ಬದಲು ಒಂದು ಸ್ಕೂಟರ್ ಬಲ್ಬನ್ನು ಜೋಡಿಸಿದ್ದಳು. ಪ್ಲಗ್ ಹಾಕಿದಳು, ಬಲ್ಬು ಹತ್ತಲಿಲ್ಲ. ಪ್ಲಗ್ ಕಿತ್ತು, ಆ ಮೂಲೆಗೆ ಡ್ರೈಯರಿನ ಬಿಸಿಗಾಳಿ ಬಿಟ್ಟಳು. ಮತ್ತೆ ಪ್ಲಗ್ ಹಾಕಿದಾಗ ಬಲ್ಬು ಒಮ್ಮೆ ಮಿಣುಕಿ, ಹಳದಿಯಾಗಿ ಹತ್ತಿ ನಿಂತಿತು. ಲಾಸ್ಯ ಚಪ್ಪಾಳೆ ತಟ್ಟಿದಳು. ಒಂದು ಸಲ ಆದದ್ದು ಆಕಸ್ಮಿಕವೂ ಆಗಿರಬಹುದು. ಮೈತ್ರೇಯಿ ಅದನ್ನು ಆರಿಸಿ, ಟೇಬಲ್ ಫ್ಯಾನಿನ ಮುಂದಿಟ್ಟು ಎಲ್ಲರೂ ಟೀ ಕುಡಿದು ಮುಗಿಸುವವರೆಗೆ ಕಾದಳು. ತಣ್ಣಗಾದ ಮೇಲೆ ಹತ್ತಲಿಲ್ಲ. ಮತ್ತೆ ಬಿಸಿ ಮಾಡಿದಳು, ಹತ್ತಿತು.

"ಬೊಟ್ಟು ಅಂಗೇ ಅದೆಯಲ್ಲ," ಎಂದಳು ಬೀರಮ್ಮ.

"ಅದನ್ನು ಬೇಕಂತಲೇ ಒರೆಸಲಿಲ್ಲ. ಬೊಟ್ಟು ಇದ್ದಾಗಲೇ ಹತ್ತಿತು. ನಾನು ಬದಲಾಯಿಸಿದ್ದು ಬಿಸಿ ಒಂದನ್ನೇ."

ಬೀರಮ್ಮ ಯೋಚಿಸಿದಳು. "ಅಂಗಾದ್ರೆ ಇದು ನಮ್ ಚಿಕ್ಕಬಸವಯ್ಯನ ಲಗೇಜ್ ಆಟೊ ಇದ್ದಂಗೆ. ಬ್ಯಾಟ್ರಿ ಬಿದ್ದೋಗದೆ. ಮೂಟೆ ಇಳಿಸೋವಾಗ್ಲೂ ಇಂಜಿನ್ ಆರಿಸಾಕಿಲ್ಲ. ಆರಿಸಿದ್ರೆ ಬೀದಿಯೋರೆಲ್ಲ ಸೇರಿ ತಳ್ಬೇಕು."

"ಅದೇ, ಸರಿಯಾಗಿ ಅದೇ."

"ಆದ್ರೂ ಆರಿಸಿದ್ದು ಯಾರು? ನಾನೇ ತಾನೆ? ನಾನ್ ಆರಿಸ್ದೆ ಇದ್ದಿದ್ರೆ ಇವತ್ತೂ ಓಡ್ತಿತ್ತು. ಹೌದೋ ಅಲ್ವೋ ಏಳಿ ಮೇಡಮ್ಮ."

ಮೈತ್ರೇಯಿ ಈ ಪ್ರಶ್ನೆಯನ್ನು ನಿರೀಕ್ಷಿಸಿರಲಿಲ್ಲ. ಅಲ್ಲ ಎಂದರೆ ಸುಳ್ಳಾಗುತ್ತಿತ್ತು. "ಹೌದು," ಎಂದಳು. "ಇವತ್ತು ಓಡುತ್ತಿತ್ತು."



"ನಾನು ಹೇಳಿದ್ರೆ ನೀನು ಆರಿಸ್ತಿರ್ಲಿಲ್ಲ ಅವ್ವ," ಎಂದ ಹರೀಶ. ತಾಯಿಯ ಮುಖ ನೋಡದೆ, ಕೈಯಲ್ಲಿದ್ದ ಲೋಟಕ್ಕೆ ಹೇಳುವಂತೆ ಹೇಳಿದ. "ಇದಕ್ಕೆ ಕಾಯಿಲೆ ಅಂತ ಯುಗಾದಿಯಿಂದ್ಲೇ ಗೊತ್ತಿತ್ತು. ಮುಚ್ಚಿಟ್ಕೊಂಡು ಓಡಿಸ್ತಿದ್ದೆ. ನಿಂತೋದಾಗ ನಿನ್ ಮೇಲೆ ಹಾಕಿದೆ."

ಬೀರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಅದನ್ನ ಅಂಗಡಿ ತುಂಬ ಜನ ಇದ್ದಾಗ ಅಂದೆ. ಇದನ್ನ ಇಬ್ರು ಹೆಂಗಸ್ರ ಮುಂದೆ ಏಳ್ತಾ ಇದೀಯ."

ಲಾಸ್ಯ ನಗು ತಡೆಯಲು ಬಾಯಿಗೆ ವೇಲು ಒತ್ತಿಕೊಂಡಳು.

ಪುಟ್ಟ ಕೆಪಾಸಿಟರ್ ಒಂದನ್ನೇ ಬದಲಿಸಬಹುದಿತ್ತು. ಆದರೆ ದೊಡ್ಡವೆರಡರ ತಲೆಯೂ ಉಬ್ಬಿತ್ತು. ಮತ್ತೆ ಸಿಗದ ಬೋರ್ಡನ್ನು ಅಂಥ ಸಪ್ಲೈಗೆ ಒಪ್ಪಿಸಲು ಮೈತ್ರೇಯಿಗೆ ಮನಸ್ಸಾಗಲಿಲ್ಲ. ಹರೀಶ ಫೋನಿನಲ್ಲಿ ಹೇಳಿದ್ದನ್ನು ಕೇಳಿ ಹೊಸದೊಂದನ್ನು ಚೀಲದಲ್ಲಿ ತಂದೇ ಇದ್ದಳು. ಹಳೆಯದರಿಂದ ತಂತಿಗಳನ್ನು ಬಿಡಿಸುವ ಮೊದಲು ಒಂದೊಂದಕ್ಕೂ ಚೀಟಿ ಕಟ್ಟಿದಳು. ಹೊಸದನ್ನು ಕೂರಿಸಿ, ಬಲ್ಬು ಹತ್ತಿಸಿ, ಐದು ವೋಲ್ಟು ಐದರಲ್ಲೇ ನಿಲ್ಲುವವರೆಗೆ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತ ಹೋದಳು. ಆಮೇಲೆ ಬಲ್ಬು ತೆಗೆದು ಬೋರ್ಡಿನ ಕನೆಕ್ಟರ್ ಹಾಕಿದಳು. ಇನ್ನು ಸ್ವಿಚ್ ಒತ್ತುವುದು ಬಾಕಿ.

ಅಲ್ಲಿಗೆ ಅವಳ ಕೈ ನಿಂತಿತು. ಹಳೆಯ ಸಪ್ಲೈ ಸಾಯುವಾಗ ಬೋರ್ಡಿಗೆ ಏಟು ಕೊಟ್ಟು ಹೋಗಿದ್ದರೆ? ಅದನ್ನು ಯಾವ ಮೀಟರಿನಿಂದಲೂ ಮುಂಚಿತವಾಗಿ ತಿಳಿಯುವಂತಿರಲಿಲ್ಲ. ತಾನೊಮ್ಮೆ ಹತ್ತಿಸಿ ನೋಡಿ, ಆರಿಸಿ, ಆಮೇಲೆ ಬೀರಮ್ಮನನ್ನು ಕರೆಯುವುದು ಕ್ಷೇಮ.

"ನೀವು ಮೇಲೆ ಹೋಗಿ ಸ್ವಲ್ಪ ಕೂತಿರಿ, ಆಮೇಲೆ ಕರೀತೀನಿ. ನೀವೇ ಹತ್ತಿಸುವಿರಂತೆ," ಎಂದಳು.

ಬೀರಮ್ಮ ಕದಲಲಿಲ್ಲ. "ನೀವು ಮೊದ್ಲು ಹತ್ತಿಸಿ ನೋಡ್ಬುಟ್ಟು, ಆಮೇಲೆ ನನ್ ಕೈಲಿ ಒತ್ತಿಸ್ತೀರಾ? ಅದು ಬೋಣಿ ಅಲ್ಲ ಮೇಡಮ್ಮ, ಮಕ್ಳಾಟ."

ಮೈತ್ರೇಯಿಯ ಮುಖ ಬಿಸಿಯಾಯಿತು. "ಹತ್ತದೆಯೂ ಇರಬಹುದು, ಬೀರಮ್ಮ. ನನಗೆ ಗೊತ್ತಿಲ್ಲ."

"ಅದನ್ನ ಏಳಿ ಮತ್ತೆ."

"ನಾನು ಒತ್ತೀನಿ," ಎಂದು ಹರೀಶ ಮುಂದೆ ಬಂದ. "ಹೋಗೋದಾದ್ರೆ ನನ್ ಕೈಲೇ ಹೋಗ್ಲಿ. ಮೊಹಲ್ಲಾ ಪೂರ್ತಿ ನಾನೇ ಹೇಳ್ಕೊಂಡು ಬರ್ತೀನಿ."

ಯಾರಾದರೂ ತಡೆಯುವ ಮೊದಲೇ ಅವನು ಒತ್ತಿದ. ಟೀವಿ ಗುಂಯ್ ಎಂದಿತು. ಪರದೆ ಬೂದು ಬಣ್ಣಕ್ಕೆ ಬಂತು, ಬೂದಾಗಿಯೇ ಉಳಿಯಿತು. ಹಡಗಿಲ್ಲ, ಸದ್ದಿಲ್ಲ. ಹರೀಶ ಸ್ವಿಚ್ಚಿನ ಮೇಲಿದ್ದ ಬೆರಳನ್ನು ಬಿಸಿ ತಾಗಿದವನಂತೆ ಹಿಂದಕ್ಕೆಳೆದುಕೊಂಡ. ಅವನ ಮುಖವೂ ಪರದೆಯ ಬಣ್ಣಕ್ಕೇ ತಿರುಗಿತು.

ಮೊದಲು ನಕ್ಕವಳು ಬೀರಮ್ಮ. ನಕ್ಕು ನಕ್ಕು ಗೋಡೆ ಹಿಡಿದುಕೊಂಡಳು. "ಬಂದ್ಬುಡ್ತಲ್ಲೋ ನಿನ್ ಕೈಗೂ! ಕರೀರಪ್ಪ ಎಲ್ಲಾರ್ನೂವೆ, ದೇವಯ್ಯನ ಮಗನ ಕೈಗುಣ ನೋಡ್ಲಿ!"

ಮೈತ್ರೇಯಿ ಆಗಲೇ ಮೀಟರು ಹಿಡಿದು ಪೆಟ್ಟಿಗೆಯ ಹಿಂದೆ ಬಗ್ಗಿದ್ದಳು. ಐದು ವೋಲ್ಟು ಸಪ್ಲೈಯಲ್ಲಿತ್ತು, ಬೋರ್ಡಿಗೆ ತಲುಪಿರಲಿಲ್ಲ. ಸ್ವಿಚ್ ಆರಿಸಿ ಬೆರಳಿನಿಂದ ತಡಕಿದಾಗ ತಿಳಿಯಿತು: ಕನೆಕ್ಟರಿನ ಒಂದು ಅಂಚು ಸ್ಲಾಟಿನಿಂದ ಅಕ್ಕಿಕಾಳಿನಷ್ಟು ಮೇಲೆದ್ದಿತ್ತು.

"ತಪ್ಪು ನನ್ನದು," ಎಂದಳು. "ಸರಿಯಾಗಿ ಕೂರಿಸಿಲ್ಲ."

"ಸರಿ ಓಯ್ತು. ಮೇಡಮ್ಮನ ಕೈಯೂ ಆಯ್ತು," ಎಂದಳು ಬೀರಮ್ಮ, ಕಣ್ಣು ಒರೆಸಿಕೊಳ್ಳುತ್ತ. ಕಣ್ಣೊರೆಸಲು ಅವಳ ಕೈಗಳು ಸೆರಗಿನಿಂದ ಹೊರಗೆ ಬಂದಿದ್ದವು.

ಮೈತ್ರೇಯಿ ಕನೆಕ್ಟರನ್ನು ಟಕ್ ಎನ್ನುವವರೆಗೆ ಒತ್ತಿದಳು. ಎದ್ದು ನಿಂತು ನೋಡಿದಾಗ ಬೀರಮ್ಮ ಮೆಟ್ಟಿಲಿಳಿದು ಪೆಟ್ಟಿಗೆಯ ಮುಂದೆ ಬಂದಿದ್ದಳು. "ಸರ್ಕೊಳೋ ಅತ್ಲಾಗೆ," ಎಂದು ಮಗನನ್ನು ಮೊಣಕೈಯಿಂದ ತಳ್ಳಿ, ಯಾರನ್ನೂ ಕೇಳದೆ ಸ್ವಿಚ್ ಒತ್ತಿದಳು.

ಪರದೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಒಂದು ಕ್ಷಣ ಸುರಿದವು. ಆಮೇಲೆ ಕಪ್ಪಾಯಿತು. ಆ ಕಪ್ಪಿನೊಳಗಿನಿಂದ ಚುಕ್ಕಿಗಳು ಮೂಡಿದವು, ಹಡಗುಗಳು ಸಾಲಾಗಿ ಇಳಿಯತೊಡಗಿದವು, ಪೀಪಿಯಂಥ ಆ ಸಂಗೀತ ಅಂಗಡಿ ದಾಟಿ ಬೀದಿಗೆ ಹೋಯಿತು. ಎದುರಿನ ಮಂಡಿಯ ಜಗಲಿಯಿಂದ ಯಾರೋ "ಬಂತಾ?" ಎಂದು ಕೂಗಿದರು.

"ಬಂತು!" ಎಂದು ಕೂಗಿದ ಹರೀಶ. ಆಮೇಲೆ ಬಾಗಿಲವರೆಗೆ ಹೋಗಿ, ಇನ್ನೂ ಜೋರಾಗಿ, "ಅವ್ವನ ತಪ್ಪೇನೂ ಇರ್ಲಿಲ್ಲ, ನಂದೇ ಇತ್ತು!" ಎಂದ. ಭಾನುವಾರದ ಬೀದಿಯಲ್ಲಿ ಕೇಳಿಸಿಕೊಂಡವರು ಎಷ್ಟು ಜನವೋ. ಬೀರಮ್ಮ ಪರದೆಯಿಂದ ಕಣ್ಣು ತೆಗೆಯಲಿಲ್ಲ.

"ಇನ್ನು ಮೇಲೆ ದಿನಾ ರಾತ್ರಿ ಆರಿಸು," ಎಂದಳು ಮೈತ್ರೇಯಿ ಹರೀಶನಿಗೆ. "ಬೆಳಿಗ್ಗೆ ಹತ್ತದಿದ್ದರೆ ಅವತ್ತೇ ಹೇಳು."

ಲಾಸ್ಯ ಡ್ರೈಯರಿನ ವೈರು ಸುತ್ತಿಕೊಳ್ಳುತ್ತ ಮೆಲ್ಲಗೆ ಕೇಳಿದಳು, "ಬೀರಮ್ಮ, ಶುಕ್ರವಾರ?"

"ಬತ್ತೀನಿ," ಎಂದಳು ಬೀರಮ್ಮ. "ಆದ್ರೆ ಆ ಕುರ್ಚಿ ತಿರುಪೆಲ್ಲ ಬಿಗಿಯಾಗಿ ಅದಾ ಮೊದ್ಲೇ ನೋಡ್ಕೊ. ನಾನ್ ಕೂತಾಗ ಮುರ್ಕೊಂಡ್ ಬಿದ್ರೆ, ಕೈ ಬುಡು, ಇನ್ನೇನೇನೋ ಗುಣ ಅಂದಾರು ಜನ."