ಮುನಿಯಮ್ಮ ತೊಳೆದ ಒಡವೆ

ಮಾಲೂರಿನ ಮುನಿಯಮ್ಮ ಪುಣೆಗೆ ಹೊತ್ತು ತಂದ ಅವರೆಕಾಯಿ ಮೂಟೆಯ ಭಾರಕ್ಕೆ ರೈಲೇ ಒಂದು ಗಂಟೆ ತಡವಾಯಿತು. ನಿಗಡಿ ಬಡಾವಣೆಯಲ್ಲಿ ಮಗಳ ಏಳನೆಯ ಮಹಡಿಯ ಮನೆಯಲ್ಲಿ ಆಕೆ ಸಾರಿಗೆ ಒಗ್ಗರಣೆ ಕೊಟ್ಟರೆ, ಅತ್ತ ತಳೇಗಾಂವದ ಕಾರ್ಖಾನೆಗಳಲ್ಲಿ ಊಟದ ಗಂಟೆಗೆ ಮೊದಲೇ ಜನ ಕೈತೊಳೆದು ನಿಲ್ಲುತ್ತಿದ್ದರು. ಕಣ್ಣು ಬಿಟ್ಟರೆ ಗೂಳಿ ಕೂಡ ದಾರಿ ಬಿಡುವಂಥ ಈ ಹೆಂಗಸನ್ನು ಜಗತ್ತಿನಲ್ಲಿ ಒಬ್ಬರೇ ಒಬ್ಬರು ಸೋಲಿಸಿದ್ದರು. ಅವರ ಎತ್ತರ ಮೂರಡಿ. ಹೆಸರು ಚಿನ್ನು.

ಚಿನ್ನು ಎಂದರೆ ಮಗಳು ಶಾಲಿನಿಯ ಮಗಳು, ಎರಡೂವರೆ ವರ್ಷದವಳು. ಶಾಲಿನಿ, ಅಳಿಯ ಮಿಥುನ ಇಬ್ಬರೂ ಬೆಳಗಾದರೆ ಆಫೀಸಿಗೆ ಓಡುವವರು. ಆರು ತಿಂಗಳ ಕೂಸಾಗಿದ್ದಾಗಿನಿಂದ ಚಿನ್ನು ಬೆಳೆದದ್ದು ಎದುರು ಮನೆಯ ಇಂದೂಬಾಯಿಯ ತೊಡೆಯ ಮೇಲೆ. ಬೆಳಗಾವಿಯ ಇಂದೂಬಾಯಿ ಪುಣೆಗೆ ಬಂದು ಮೂವತ್ತು ವರ್ಷ. ಮರಾಠಿಯಲ್ಲೇ ಮಾತು ಕಲಿತ ಚಿನ್ನುವಿಗೆ ಅವರು 'ಆಜಿ', ಅಂದರೆ ಅಜ್ಜಿ. ಮುನಿಯಮ್ಮನಿಗೋ, ಹೆಸರೇ ಇಲ್ಲ. ಆಕೆ "ಬಾರೇ ನನ್ ಬಂಗಾರ" ಎಂದು ಕೈಚಾಚಿದರೆ ಸಾಕು, ಚಿನ್ನು "ನಕೋ!", ಬೇಡ, ಎಂದು ಕಿರುಚುವ ರಭಸಕ್ಕೆ ಕೆಳಗೆ ನಿಂತ ಕಾರುಗಳೆಲ್ಲ ಸೈರನ್ ಹೊಡೆದುಕೊಳ್ಳುತ್ತಿದ್ದವು.

ಎರಡು ತಿಂಗಳಲ್ಲಿ ಮುನಿಯಮ್ಮ ನೂರು ಸಲ ಕರೆದಳು, ಇನ್ನೂರು ಸಲ ಬೆನ್ನಟ್ಟಿದಳು. ಮುಂದಿನ ಭಾನುವಾರ ಊರಿಗೆ ಟಿಕೆಟ್ಟು. ಅಷ್ಟರೊಳಗೆ ಒಂದೇ ಒಂದು ಸಲ ಮಗು ತಾನಾಗಿ ಬಂದು ಮಡಿಲಲ್ಲಿ ಕೂತರೆ ಸಾಕಿತ್ತು.

ಅಷ್ಟರಲ್ಲಿ ಸಂಕ್ರಾಂತಿ ಬಂತು. ಮಧ್ಯಾಹ್ನ ಇಂದೂಬಾಯಿ ಒಂದು ಕರಿಯ ಫ್ರಾಕು, ಒಂದು ರಟ್ಟಿನ ಡಬ್ಬಿ, ಒಂದು ದೊಡ್ಡ ಬುಟ್ಟಿ ಹಿಡಿದು ಬಂದರು. ಬುಟ್ಟಿಯ ತುಂಬ ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿ, ಶೇಂಗಾ.

"ಸಂಜೀ ಐದಕ್ಕ ನಮ್ಮ ಚಿನ್ನೂಗ ಬೋರನ್ಹಾಣ ಮಾಡೋದ್ರಿ. ಸಣ್ಣ ಹುಡುಗರನ್ನ ಕೂಡಿಸಿ ತಲೀ ಮ್ಯಾಲೆ ಇದನ್ನೆಲ್ಲಾ ಸುರಿಯೋದು. ಉಳಿದ ಹುಡುಗ್ರು ಆರಿಸ್ಕೊಂಡು ತಿಂತಾವ."

"ಅದೆಲ್ಲಾ ಸರಿ ಕಣಮ್ಮ. ಹಬ್ಬದ ದಿನ ಮಗೀಗೆ ಕರೀ ಬಟ್ಟೆ ಇಕ್ತಾರಾ? ನಮ್ ಕಡೆ ಕರೀದು ಮುಟ್ಟಾಕೂ ಇಲ್ಲ!"

"ಇಲ್ಲಿ ಸಂಕ್ರಾಂತಿಗೆ ಕರೀದನ ಹಾಕ್ತಾರ್ರಿ. ಥಂಡಿ ದಿವಸ, ಬೆಚ್ಚಗ ಇರ್ತದ. ಈ ಡಬ್ಬಿಯೊಳಗ ದಾಗಿನ ಅವ, ನನ್ನ ಕೈಲೇ ಮಾಡೇನಿ. ಭಾಳ ನಾಜೂಕ ಅವ, ಸಂಭಾಳಿಸ್ರಿ" ಎಂದು ಇಂದೂಬಾಯಿ ಸೀರೆ ಉಡಲು ಹೋದರು.

ಮುನಿಯಮ್ಮ ಡಬ್ಬಿ ತೆರೆದಳು. ಹಾರ, ಬಳೆ, ಕಿರೀಟ, ಎಲ್ಲವೂ ಬಿಳಿ ಬಿಳಿ ಮುತ್ತಿನವು! ನಿಜಾಮನ ಖಜಾನೆಯೂ ನಾಚುವಂಥ ಒಡವೆ. ಆದರೆ ಬೇರೆ ಮನೆಯಿಂದ ಬಂದ ಒಡವೆಯನ್ನು ಅರಿಶಿನದ ನೀರಲ್ಲಿ ತೊಳೆಯದೆ ಮಗುವಿನ ಮೈಗೆ ಇಡುವ ಪದ್ಧತಿ ಅವಳ ತವರಲ್ಲೂ ಇರಲಿಲ್ಲ, ಗಂಡನ ಮನೆಯಲ್ಲೂ ಇರಲಿಲ್ಲ. ಬೋಸಿಯಲ್ಲಿ ಬಿಸಿನೀರು ಹುಯ್ದು, ಅರಿಶಿನ ಕದಡಿ, ಒಡವೆಯನ್ನೆಲ್ಲ ಮುಳುಗಿಸಿಟ್ಟು ಫ್ರಾಕಿಗೆ ಇಸ್ತ್ರಿ ಹಾಕಲು ಹೋದಳು.

ತಿರುಗಿ ಬಂದು ಕೈ ಅದ್ದಿದರೆ ಮುತ್ತಿಲ್ಲ! ನಾಲ್ಕು ದಾರ, ಒಂದಿಷ್ಟು ಜರಿ ಕಾಗದ, ತಳದಲ್ಲಿ ಹಿಡಿ ಎಳ್ಳು. ಬೆರಳು ಬಾಯಿಗಿಟ್ಟಳು. ಸಿಹಿ.

ಮೈಸೂರು ರಾಜ್ಯ ಹುಟ್ಟಿದಾಗಿನಿಂದ ಯಾರೊಬ್ಬರಿಗೂ "ತಪ್ಪಾಯ್ತು" ಎನ್ನದ ವಂಶ ಅವಳದು. ಬೋಸಿ ಹಿಡಿದು ಎದುರು ಮನೆಯ ಬಾಗಿಲಲ್ಲಿ ನಿಂತಳು.

"ತಪ್ಪಾಯ್ತು ಕಣಮ್ಮ. ತೊಳದ್ಬಿಟ್ಟೆ."

ಇಂದೂಬಾಯಿ ಬೋಸಿ ನೋಡಿದರು, ಮುನಿಯಮ್ಮನ ಮುಖ ನೋಡಿದರು. "ಅಯ್ಯ... ಕುಸುರೆಳ್ಳಿನವು ಇದ್ದೂರಿ ಅವು. ಎಳ್ಳಿಗೆ ಹನಿ ಹನಿ ಸಕ್ಕರಿ ಪಾಕ ಹಾಕಿ, ಹದಿನೈದು ದಿವಸ ಒಲೀ ಮುಂದ ಕೂತೇನಿ." ಕಣ್ಣು ಒದ್ದೆಯಾದವು. ಸೆರಗಿನಿಂದ ಒರೆಸಿಕೊಂಡು, ತಾವೂ ಒಂದು ಬೆರಳು ಅದ್ದಿ ನೆಕ್ಕಿದರು. "ಪಾನಕ ಛಲೋ ಮಾಡೀರಿ. ಅರಿಶಿಣ ಒಂಚೂರು ಜಾಸ್ತಿ ಆಗ್ಯದ."

"ನಗಬ್ಯಾಡ. ಎಷ್ಟೊತ್ತು ಐತೆ?"

"ಒಂದು ತಾಸು."

"ಸೂಜಿ ದಾರ ತಗೊಂಬಾ."

ಮುನಿಯಮ್ಮ ಮಗಳ ಮನೆಗೆ ಮರಳಿ, ಬುಟ್ಟಿ ಎಳೆದುಕೊಂಡು ನಡುಮನೆಯಲ್ಲಿ ಕೂತಳು. ಇಂದೂಬಾಯಿ ಸೂಜಿಗೆ ದಾರ ಹಾಕಿಕೊಟ್ಟರು, ಮುನಿಯಮ್ಮ ಪೋಣಿಸಿದಳು. ಹತ್ತು ಚುರುಮುರಿಗೊಂದು ಶೇಂಗಾ, ನಡುವೆ ಬೋರೆಹಣ್ಣಿನ ಪದಕ. ಮೊಳ ಮೊಳ ಮಲ್ಲಿಗೆ ಕಟ್ಟಿ ಪಳಗಿದ ಆ ಬೆರಳುಗಳ ವೇಗಕ್ಕೆ ಸೂಜಿ ಕಾದು ಹೊಗೆಯಾಡಿತು. ಚುರುಮುರಿ ಪುಡಿಯಾದರೆ ಬೈಯುತ್ತ ಇನ್ನೊಂದು ತೆಗೆದಳು. ಯಾರನ್ನೂ ಕರೆಯಲಿಲ್ಲ, ತಲೆಯೆತ್ತಲೂ ಪುರುಸೊತ್ತಿರಲಿಲ್ಲ.

ಎರಡು ತಿಂಗಳಲ್ಲಿ ಮೊದಲ ಸಲ ತನ್ನನ್ನು ಯಾರೂ ಬೆನ್ನಟ್ಟದಿದ್ದದ್ದು ಚಿನ್ನುವಿಗೆ ವಿಚಿತ್ರವೆನಿಸಿತು. ಸೋಫಾದ ಹಿಂದಿನಿಂದ ಇಣುಕಿದಳು. ಒಂದು ಹೆಜ್ಜೆ ಹತ್ತಿರ ಬಂದಳು. ಆಮೇಲೆ ಬುಟ್ಟಿಯಿಂದ ಒಂದೇ ಒಂದು ಚುರುಮುರಿ ತೆಗೆದು, ತಗೋ ಎಂದು ಮುಂದೆ ಹಿಡಿದಳು.

"ಘೇ."

ಮುನಿಯಮ್ಮ ತೆಗೆದುಕೊಂಡಳು, ಪೋಣಿಸಿದಳು, ಮತ್ತೆ ಕೈ ಚಾಚಿದಳು. ಮುಖ ನೋಡಲಿಲ್ಲ, ನೋಡಿದರೆ ಓಡಿಹೋದಾಳೆಂಬ ಭಯ. ಇನ್ನೊಂದು ಬಂತು, ಮತ್ತೊಂದು ಬಂತು. ಬುಟ್ಟಿ ಆಚೆ ಪಕ್ಕದಲ್ಲಿತ್ತು. ಪ್ರತಿಸಲ ಸುತ್ತಿ ಬರುವುದು ಬೇಸರವಾಗಿ ಚಿನ್ನು ತೊಡೆ ಹತ್ತಿ, ಮಡಿಲಲ್ಲೇ ಕೂತು, ಅಲ್ಲಿಂದಲೇ ಕೈಹಾಕತೊಡಗಿದಳು.

ಮುನಿಯಮ್ಮ ಉಸಿರು ಬಿಗಿಹಿಡಿದಳು. ಫ್ಯಾನಿಗೂ ವಿಷಯ ಗೊತ್ತಾಗಿ ಮೆಲ್ಲಗೆ ತಿರುಗಿತು.

"ಇಂದೂ," ಅಂದಳು ತುಟಿ ಅಲುಗಿಸದೆ, "ನೋಡಿದ್ಯಾ?"

"ನೋಡ್ಲಿಕತ್ತೇನ್ರಿ. ಸುಮ್ನ ಕೂಡ್ರಿ."

ಐದಕ್ಕೆ ಮಹಡಿಗಳ ಮಕ್ಕಳೆಲ್ಲ ನುಗ್ಗಿದರು. ಶಾಲಿನಿ ಆಫೀಸಿನಿಂದ ಓಡಿಬಂದು ಮಣೆ ಇಟ್ಟಳು. ಕರಿಯ ಫ್ರಾಕು, ಚುರುಮುರಿ ಹಾರ ತೊಟ್ಟ ಚಿನ್ನುವನ್ನು ಎತ್ತಿ ಮಣೆಯ ಮೇಲೆ ಕೂರಿಸಹೋದರೆ, "ನಕೋ!" ಹುಡುಗಿ ಮುನಿಯಮ್ಮನ ಸೆರಗನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಚಿನ್ನು, ಅಜ್ಜಿಗೆ ಕಾಲು ನೋಯುತ್ತೆ, ಬಾ ಪುಟ್ಟ" ಅಂದಳು ಶಾಲಿನಿ.

"ಯಾರ್ ಹೇಳಿದ್ದು ನಿಂಗೆ ಕಾಲ್ ನೋಯ್ತದೆ ಅಂತ?" ಮುನಿಯಮ್ಮ ಗದರಿದಳು. ಕಾಲು ಜೋಮು ಹಿಡಿದು ಅರ್ಧ ಗಂಟೆಯಾಗಿತ್ತು.

"ಆತು ಬಿಡ್ರಿ," ಎಂದರು ಇಂದೂಬಾಯಿ, "ಐದು ವರ್ಷದೊಳಗಿನವರಿಗೆ ಮಾಡೋ ಶಾಸ್ತ್ರ. ನೀವೂ ಅದರೊಳಗ ಬರ್ತೀರಿ ತಗೋರಿ" ಎಂದು ಸೇರು ತುಂಬಿ ಇಬ್ಬರ ತಲೆಯ ಮೇಲೂ ಸುರಿದರು. ಬೋರೆಹಣ್ಣು ಟಪಟಪ ಉದುರಿದವು. ಮಕ್ಕಳು ಮುಗಿಬಿದ್ದರು. ಗದ್ದಲದ ನಡುವೆ ಚಿನ್ನು ಮುನಿಯಮ್ಮನ ನರೆಗೂದಲಿಗೆ ಸಿಕ್ಕಿಕೊಂಡ ಚುರುಮುರಿಗಳನ್ನು ಒಂದೊಂದಾಗಿ ಆರಿಸಿ ತಿಂದಳು. ಕೊನೆಯದನ್ನು ಸ್ವಲ್ಪ ಯೋಚಿಸಿ, ಅಜ್ಜಿಯ ಬಾಯಿಗೆ ತುರುಕಿದಳು.