ಐನೂರನೆಯ ಹನಿ

ಎಷ್ಟು ಬೇಗ ಬಡಿದುಕೊಳ್ಳುತ್ತದೆ ಇದರ ಎದೆ, ಎಣಿಸಲಾಗದು, ಹನ್ನೊಂದೇ ಗ್ರಾಂ ತೂಕ, ಬಟ್ಟೆ ಚೀಲದಿಂದ ತೆಗೆಯುವಾಗ ಒಮ್ಮೆ ಕುಕ್ಕಿತು, ಈಗ ನನ್ನ ಎರಡು ಬೆರಳುಗಳ ನಡುವೆ ಕುತ್ತಿಗೆ ಇಟ್ಟುಕೊಂಡು ಸುಮ್ಮನಿದೆ, ಎಲ್ಲಿಂದಲೋ ಹಾರಿ ಬಂದು ಬೆಳಗಿನ ಬಲೆಗೆ ಸಿಕ್ಕ ವಲಸೆ ಹಕ್ಕಿ, ಹಸಿದಿದೆಯೋ ಮೇದಿದೆಯೋ ಅದರ ರಕ್ತ ಹೇಳಬೇಕು, ರೆಕ್ಕೆ ಬಿಡಿಸಿ ಒಳಗಿನ ನೀಲಿ ಗೆರೆಗೆ ಸೂಜಿ ಮುಟ್ಟಿಸಿದರೆ ಒಂದು ಹನಿ — ಅಪ್ಪನ ಬೆರಳಲ್ಲೂ ಹೀಗೇ ಉಬ್ಬುತ್ತಿತ್ತು, ಸಾಸಿವೆಯಷ್ಟು, ಕೆಂಪಗೆ — ಅಪ್ಪ ಮುಖ ಆಚೆ ತಿರುಗಿಸಿ, ಅಯ್ಯೋ ನೋವಾಯ್ತಲ್ಲೇ, ಇನ್ನೂ ಚುಚ್ಚೇ ಇಲ್ಲಪ್ಪಾ, ನಗು ತಡೆಯಲಾಗದೆ ನಾನು ಸೂಜಿ ಆಚೆ ಹಿಡಿಯುತ್ತಿದ್ದೆ, ಅಡುಗೆಮನೆಯಿಂದ ಅಮ್ಮ, ಎಷ್ಟು ಬಂತು, ಪರೀಕ್ಷೆಯ ಫಲಿತಾಂಶ ಕೇಳುವವಳ ಹಾಗೆ, ಇನ್ನೂರ ಹತ್ತು ಎಂದರೆ ಪಾತ್ರೆಗಳೆಲ್ಲ ಸದ್ದು ಮಾಡುತ್ತಿದ್ದವು, ಆ ಬೆಳಗುಗಳು ಎಷ್ಟು ಚೆನ್ನಾಗಿದ್ದವು, ಆಗ ಗೊತ್ತಾಗಲಿಲ್ಲ. ಅದೇ ಶುಗರ್ ಮಷಿನ್ ಇದು, ಮೇಡಂ ಅವರ ಹಕ್ಕಿ ಸಂಶೋಧನೆಗೆ ಸಹಾಯಕಿಯಾಗಿ ಸೇರಿದಾಗ ನಾನೇ ತಂದುಕೊಟ್ಟೆ, ಮನೆಯಲ್ಲಿ ಸುಮ್ಮನೆ ಬಿದ್ದಿದೆ ಮೇಡಂ ಎಂದು, ಮೊದಲ ಹಕ್ಕಿಗೆ ಮುನ್ನೂರ ಮೂವತ್ತು ಬಂದಾಗ, ಇದನ್ನ ಈಗಲೇ ಡಾಕ್ಟರಿಗೆ ತೋರಿಸ್ಬೇಕು ಎಂದುಬಿಟ್ಟೆ, ಮೇಡಂ ಬಿದ್ದು ಬಿದ್ದು ನಕ್ಕರು, ಹಕ್ಕಿಗಳಿಗೆ ಅಷ್ಟು ಮಾಮೂಲಿ ಕಣಮ್ಮ, ಅಪ್ಪ ಕೇಳಿದ್ದರೆ ಹೊಟ್ಟೆ ಉರಿದುಕೊಳ್ಳುತ್ತಿದ್ದರು, ಮುನ್ನೂರು ಇಟ್ಕೊಂಡು ಅವು ಸಮುದ್ರ ದಾಟ್ತಾವೆ, ನನಗೆ ಒಂದು ಬಿಸ್ಕತ್ತಿಗೂ ಕಾವಲು.

ಮಷಿನ್ನಿಗೆ ಐನೂರು ಲೆಕ್ಕಗಳಷ್ಟೇ ನೆನಪಿರುವುದು, ಹೊಸದೊಂದು ಒಳಗೆ ಬಂದರೆ ಎಲ್ಲಕ್ಕಿಂತ ಹಳೆಯದು ಅಳಿಸಿಹೋಗುತ್ತದೆ, ನನಗೆ ಗೊತ್ತಾಗುವಷ್ಟರಲ್ಲಿ ಅರ್ಧ ಕೆಲಸ ಮುಗಿದಿತ್ತು, ಬೇರೆ ಮಷಿನ್ ತರಲಾ ಮೇಡಂ, ನಡುವೆ ಬದಲಾಯಿಸಿದ್ರೆ ಹೋಲಿಸೋದು ಹೇಗಮ್ಮ, ಮೊದಲಿಂದ ಮಾಡ್ಬೇಕಾಗತ್ತೆ, ಅದರಲ್ಲಿ ಅಪ್ಪನ ಲೆಕ್ಕಗಳಿವೆ ಎನ್ನದೆ ಮುಂದಿನ ಹಕ್ಕಿಯನ್ನು ಎತ್ತಿಕೊಂಡೆ, ಹೀಗೆ ಒಂದು ಹಕ್ಕಿಗೆ ಅಪ್ಪನ ಒಂದು ಬೆಳಗು ಹೋಯಿತು, ನಾನೂರ ತೊಂಬತ್ತೊಂಬತ್ತು ಹಕ್ಕಿ, ನಾನೂರ ತೊಂಬತ್ತೊಂಬತ್ತು ಬೆಳಗು, ಈಗ ಉಳಿದಿರುವುದು ಕೊನೆಯದೊಂದೇ, ತೊಂಬತ್ತಾರು, ಸಂಜೆ ಬಸ್ಸಿನಲ್ಲಿ ಬಟನ್ ಒತ್ತುತ್ತಾ ಒತ್ತುತ್ತಾ ಅಲ್ಲಿಯವರೆಗೂ ಹೋಗಿ ನೋಡಿಕೊಂಡು ಬರುತ್ತೇನೆ, ತಾರೀಖು, ಆರೂ ನಲವತ್ತು, ತೊಂಬತ್ತಾರು — ಬೇಗ ಕಣಮ್ಮ, ಹನಿ ಒಣಗತ್ತೆ, ಹಕ್ಕಿಗೂ ಸುಸ್ತು, ಮೇಡಂ ಪೆನ್ನು ಹಿಡಿದು ಕಾಯುತ್ತಿದ್ದಾರೆ, ಹೂಂ ಮೇಡಂ, ಒಂದು ನಿಮಿಷ — ಆ ತೊಂಬತ್ತಾರು ಅಪ್ಪನ ರಕ್ತದ್ದಲ್ಲ, ನನ್ನದು, ಇದನ್ನು ಯಾರಿಗೂ ಹೇಳಿಲ್ಲ, ಆ ಬೆಳಗ್ಗೆ ಅಪ್ಪನ ಮೀಸೆಯಲ್ಲಿ ಕದ್ದು ತಿಂದ ಹಣ್ಣಿನ ಜಾಮು, ಪುಟ್ಟೀ ಇವತ್ತೊಂದಿನ ನಿನ್ನ ಬೆರಳು ಕೊಡೇ, ನಿಮ್ಮಮ್ಮ ನನ್ನ ಉಳಿಸಲ್ಲ, ನಾನೂ ನಕ್ಕೊಂಡು ಚುಚ್ಚಿಕೊಂಡೆ, ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದು ನೋಡಿದಳು, ತೊಂಬತ್ತಾರು, ಖುಷಿಗೆ ತಾನೇ ಅಪ್ಪನ ಕಾಫಿಗೆ ಒಂದು ಚಮಚ ಸಕ್ಕರೆ ಹಾಕಿದಳು, ಅಪ್ಪ ನನ್ನ ಕಡೆ ಕಣ್ಣು ಮಿಟುಕಿಸಿದರು, ಮಧ್ಯಾಹ್ನ ಕುರ್ಚಿಯಲ್ಲೇ, ಪತ್ರಿಕೆ ಮಡಿಲಲ್ಲೇ. ಹೃದಯ ನಿಂತಿದೆ, ಶುಗರ್ ಅಂತೂ ಅಲ್ಲ ಎಂದರು ಡಾಕ್ಟರು, ಅವರಿಗೆ ನಾವು ತೋರಿಸಿದ್ದೂ ಅದೇ ತೊಂಬತ್ತಾರು, ಬಂದವರಿಗೆಲ್ಲ ಅಮ್ಮ ಇವತ್ತಿಗೂ ಹೇಳುತ್ತಾಳೆ, ಬೆಳಗ್ಗೆ ಎಷ್ಟು ಚೆನ್ನಾಗಿತ್ತು ಕಣ್ರೀ, ನಾನೇ ಕಣ್ಣಾರೆ ನೋಡಿದ್ದೀನಿ, ನಾನು ತಲೆ ತಗ್ಗಿಸಿ ಲೋಟಗಳನ್ನು ಒಳಗೆ ಒಯ್ಯುತ್ತೇನೆ, ಸುಳ್ಳಾದರೂ ಅಪ್ಪನೂ ನಾನೂ ಸೇರಿ ಆಡಿದ ಕೊನೆಯ ತುಂಟಾಟ ಅದು, ಹೇಗೆ ಅಳಿಸಲಿ, ಹೇಗೆ ಇಟ್ಟುಕೊಳ್ಳಲಿ —

ಹಕ್ಕಿ ಕಣ್ಣು ಮುಚ್ಚಿ ತೆರೆಯಿತು. ಇದಕ್ಕೆ ಕಾಯಲು ಹೊತ್ತಿಲ್ಲ, ಸ್ಟ್ರಿಪ್ಪಿನ ತುದಿ ಹನಿಗೆ ತಾಗಿಸಿದೆ, ಐದು, ನಾಲ್ಕು, ಮೂರು, ಅಮ್ಮನಿಗೆ ಇವತ್ತೇ ಹೇಳಬೇಕು, ಎರಡು, ಮೀಸೆಯ ಜಾಮಿನಿಂದಲೇ ಶುರುಮಾಡಿ ಹೇಳಬೇಕು, ಒಂದು, ಇನ್ನೂರ ಎಂಬತ್ತೆಂಟು ಮೇಡಂ, ಬರ್ಕೊಳ್ಳಿ. ಹತ್ತಿ ಒತ್ತಿ, ಬೆರಳು ಸಡಿಲಿಸಿದೆ, ಅಂಗೈಯಲ್ಲಿ ಅರೆಗಳಿಗೆ ಕೂತು ಹಾರಿಹೋಯಿತು, ಅಂಗೈ ಇನ್ನೂ ಬೆಚ್ಚಗಿದೆ, ಬಟನ್ ಒತ್ತಿದೆ, ಒತ್ತಿದೆ, ಕೊನೆಯವರೆಗೂ ಹಕ್ಕಿಗಳೇ, ಅಮ್ಮ ಕೇಳಿಯೇ ಕೇಳುತ್ತಾಳೆ, ಹಾಗಾದ್ರೆ ಅವತ್ತು ಅವರಿಗೆ ಎಷ್ಟಿತ್ತೇ, ಗೊತ್ತಿಲ್ಲಮ್ಮ, ಗೊತ್ತಾಗೋದೂ ಇಲ್ಲ, ಅಪ್ಪನ ಬೆರಳು ನನ್ನ ಬೆರಳಿನ ಪಕ್ಕದಲ್ಲೇ ಇತ್ತು, ಅಪ್ಪನದು ಚುಚ್ಚದೆ ಹಾಗೇ, ನನ್ನದರ ಮೇಲೆ ಹನಿ, ಸಾಸಿವೆಯಷ್ಟು, ಕೆಂಪಗೆ, ಅಪ್ಪ ಈ ಸಲ ಮುಖ ತಿರುಗಿಸಲಿಲ್ಲ, ಬಗ್ಗಿ ಅದನ್ನೇ ನೋಡುತ್ತಾ, ನೋವಾಯ್ತಾ ಪುಟ್ಟೀ — ಆ ಹನಿ —