ಸೀಸನ್ನಿನಲ್ಲಿ ಸರದಿ ಬಿಟ್ಟವಳು

ಬಂದರಿಗೆ ಒಂದೇ ದಿನ ನಾಲ್ಕು ಹಡಗು ಬಂದು ನಿಂತರೆ ಸೀಸನ್ ನೆತ್ತಿಗೇರಿದೆ ಎಂದು ಅರ್ಥ. ಒಂದೊಂದರಲ್ಲೂ ಮೂರು ಮೂರು ಸಾವಿರ ಜನ. ಬೆಳಿಗ್ಗೆ ಎಂಟರಿಂದ ಸಂಜೆ ಐದರೊಳಗೆ ಅವರು ಊರು ನೋಡಬೇಕು, ಊರಿನ ಮೇಲೊಂದು ಅಭಿಪ್ರಾಯ ಕಟ್ಟಿಕೊಳ್ಳಬೇಕು, ಇದಕ್ಕಿಂತ ಮೊನ್ನೆ ನೋಡಿದ ಊರೇ ವಾಸಿ ಎಂದು ತೀರ್ಮಾನಿಸಬೇಕು, ಆಮೇಲೆ ಹಡಗಿನ ಊಟದ ಹೊತ್ತಿಗೆ ಸರಿಯಾಗಿ ವಾಪಸು ಸೇರಬೇಕು. ಪಾಪ, ರಜೆ ಅಂದರೆ ಸುಮ್ಮನೆಯೇ!

ಇವರಲ್ಲಿ ಮುಕ್ಕಾಲು ಪಾಲು ಜನರನ್ನು ಹಡಗಿನ ಕಂಪನಿಯ ದೊಡ್ಡ ಬಸ್ಸುಗಳೇ ನುಂಗಿಬಿಡುತ್ತವೆ. ಬಸ್ಸಿನಲ್ಲಿ ಸೀಟು ಸಿಗದವರು, ಸಿಕ್ಕಿದ್ದರೂ 'ಹೊರಗೆ ಅಗ್ಗ ಇರುತ್ತೆ' ಎಂದು ಕಾಯ್ದಿರಿಸದವರು, ಗೇಟಿನ ಹೊರಗೆ ಸಾಲಾಗಿ ನಿಂತ ಮೂವತ್ತೆರಡು ವ್ಯಾನುಗಳ ಕೈಗೆ ಸಿಗುತ್ತಾರೆ. ಆ ದಿನ ಸಾಲಿನಲ್ಲಿ ಮೊದಲು ನಿಂತಿದ್ದವಳು ವ್ಯಾನಕ್ಕ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮೂವತ್ತೊಂದು ಗಂಡಸರ ನಡುವೆ ಒಬ್ಬಳೇ ಹೆಂಗಸಾಗಿ ಹದಿನೆಂಟು ವರ್ಷ ವ್ಯಾನು ಓಡಿಸಿದ ಮೇಲೆ ಆ ಹೆಸರು ಲೈಸೆನ್ಸಿನಲ್ಲಿ ಮಾತ್ರ ಉಳಿದುಕೊಂಡಿತ್ತು.

ಸ್ಟ್ಯಾಂಡಿಗೆ ಅದರದೇ ಕಾನೂನುಂಟು. ಬೆಳಿಗ್ಗೆ ಐದಕ್ಕೆ ಬಂದವರಿಗೆ ಬಂದ ಕ್ರಮದಲ್ಲಿ ಲೈನು ಮೇಸ್ತ್ರಿ ನಂಬರಿನ ತಗಡಿನ ಬಿಲ್ಲೆ ಕೊಡುತ್ತಾನೆ. ಒಂದನೇ ಬಿಲ್ಲೆಯವರು ಮೊದಲು ಬಂದ ಗಿರಾಕಿಯನ್ನು ಕರೆದೊಯ್ಯಬೇಕು. ಎಲ್ಲಿಗೆ ಎನ್ನುವುದು ಗಿರಾಕಿಯ ಇಷ್ಟ. ಅದಲು ಬದಲು ಇಲ್ಲ. 'ನಾನೊಲ್ಲೆ' ಎಂದು ಸರದಿ ಬಿಟ್ಟರೆ ಅವತ್ತಿಡೀ ವ್ಯಾನು ಎತ್ತುವಂತಿಲ್ಲ, ಸೀಸನ್ ಮುಗಿಯುವವರೆಗೂ ಎಷ್ಟೇ ಬೇಗ ಬಂದರೂ ಕೊನೆಯ ಬಿಲ್ಲೆಯೇ ಗತಿ. ಕೊನೆಯ ಬಿಲ್ಲೆಯವರ ಹತ್ತಿರ ಬರುವವರು ಹೆಚ್ಚಾಗಿ ಶೌಚಾಲಯ ಎಲ್ಲಿದೆ ಎಂದು ಕೇಳುವವರು. ಇನ್ನು ನಾಲ್ಕು ಹಡಗು ಬಂದ ದಿನ ಬರದೇ ಇದ್ದರೋ, ಪಟ್ಟಿಯಿಂದ ಹೆಸರೇ ಕಿತ್ತುಹಾಕುತ್ತಾರೆ. ಹದಿನೆಂಟು ವರ್ಷದಲ್ಲಿ ಸರದಿ ಬಿಟ್ಟವರು ಇಬ್ಬರು: ಒಬ್ಬನಿಗೆ ಎದೆನೋವು ಬಂದಿತ್ತು, ಇನ್ನೊಬ್ಬನಿಗೆ ಲಾಟರಿ ಹೊಡೆದಿತ್ತು.

ವ್ಯಾನಕ್ಕನಿಗೆ ಎರಡೂ ಆಗಿರಲಿಲ್ಲ. ಆದರೆ ಹಿಂದಿನ ದಿನ ಅವಳ ಫೋನಿಗೆ ಒಂದು ಮೆಸೇಜು ಬಂದಿತ್ತು. 'ನಾಳೆ ನಮ್ಮ ಹಡಗು ಅಲ್ಲಿಗೆ ಬರುತ್ತೆ. ಎರಡರಿಂದ ಮೂರು ಬಿಡುವು. ಗೇಟಿನ ಹತ್ತಿರ ಇರ್ತೀನಿ. ನಿನ್ನ ಟ್ರಿಪ್ಪಿಗೆ ತೊಂದರೆ ಆಗದಿದ್ರೆ ಬಾ.'

ಕಳಿಸಿದ್ದು ತಂಗಿ. ಹಡಗೊಂದರ ತಳದಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳಿಗೆ ಕೆಲಸ. ಅಕ್ಕನ ಜೊತೆ ಮಾತು ಬಿಟ್ಟು ಆರು ವರ್ಷ. ಆರು ವರ್ಷದ ಹಿಂದೆ ಇಂಥದೇ ಒಂದು ಸೀಸನ್ನಿನಲ್ಲಿ ಅಮ್ಮ ಆಸ್ಪತ್ರೆಯಲ್ಲಿದ್ದಳು. ತಂಗಿ ಬೆಳಿಗ್ಗೆಯೇ ಫೋನು ಮಾಡಿ, "ಬೇಗ ಬಾ ಅಕ್ಕಾ, ಅಮ್ಮ ನಿನ್ನನ್ನೇ ಕೇಳ್ತಿದಾಳೆ" ಅಂದಾಗ ವ್ಯಾನಕ್ಕನ ಕೈಯಲ್ಲಿ ಒಂದನೇ ಬಿಲ್ಲೆ ಇತ್ತು. "ಒಂದು ಟ್ರಿಪ್ಪು ಮುಗಿಸ್ಕೊಂಡು ಬಂದುಬಿಡ್ತೀನಿ ಕಣೇ" ಅಂದಳು. ಆ ಒಂದು ಟ್ರಿಪ್ಪು ಜಲಪಾತದ್ದಾಯಿತು. ಹೋಗಿ ಬರಲು ಏಳು ಗಂಟೆ. ಅಮ್ಮ ಅಷ್ಟು ಹೊತ್ತು ಕಾಯಲಿಲ್ಲ.

ಈಗ ನೀವೇ ಹೇಳಿ, ಎರಡು ಗಂಟೆಗೆ ಗೇಟಿನಲ್ಲಿ ಇರುವುದು ಅವಳಿಗೆ ಎಷ್ಟು ಮುಖ್ಯ. ಇದ್ದ ದಾರಿ ಒಂದೇ: ಮೊದಲ ಗಿರಾಕಿಯನ್ನು ಹೇಗಾದರೂ ಒಪ್ಪಿಸಿ ದೀಪಸ್ತಂಭಕ್ಕೆ ಕರೆದೊಯ್ಯುವುದು. ಎರಡೂವರೆ ಗಂಟೆಯಲ್ಲಿ ಹೋಗಿ ಬರಬಹುದು. ತಡವಾಗಿ ಬಂದು ಹಿಂದಿನ ಬಿಲ್ಲೆ ಹಿಡಿದರೆ ಯಾವ ಗಿರಾಕಿ ಯಾವ ಹೊತ್ತಿಗೆ ಬಂದು ಎರಡು ಗಂಟೆಯನ್ನೇ ನುಂಗುತ್ತಾನೋ ಹೇಳಲಾಗದು. ತೊಂದರೆ ಏನೆಂದರೆ, ಬಾಡಿಗೆ ಕಡಿಮೆಯ ಸಣ್ಣ ಟ್ರಿಪ್ಪು ಸಾಲಿನ ಯಾವ ಡ್ರೈವರಿಗೂ ಬೇಡ. ಹಾಗಾಗಿ ಹದಿನೆಂಟು ವರ್ಷದಿಂದ ಅವಳು ಗಿರಾಕಿಗಳ ಮುಂದೆ, "ಅಯ್ಯೋ, ಆ ಮೋಟು ಕಂಬ ನೋಡೋಕೆ ಸಮುದ್ರ ದಾಟಿ ಬಂದ್ರಾ?" ಎಂದು ಮೂಗು ಮುರಿದೇ ಹೊಟ್ಟೆ ಹೊರೆದುಕೊಂಡಿದ್ದಳು. ಈಗ ಅದೇ ನಾಲಿಗೆಯಲ್ಲಿ ಅದೇ ಕಂಬವನ್ನು ಹೊಗಳಬೇಕಿತ್ತು.

ಒಂಬತ್ತಕ್ಕೆ ಸರಿಯಾಗಿ ಗಿರಾಕಿ ಬಂದರು. ಮೂವರು. ಮುಂದೆ ನಿವೃತ್ತ ಹೆಡ್‌ಮಾಸ್ಟರು, ಕಂಕುಳಲ್ಲಿ ಫೈಲು. ಹಿಂದೆ ಮಂಡಿ ನೋವಿನ ಅವರ ಹೆಂಡತಿ. ಪಕ್ಕದಲ್ಲಿ ಹೆಂಡತಿಯ ತಮ್ಮ, ಅಂದರೆ ಮಾಸ್ಟರ ಭಾಮೈದ, ಕೈಯಲ್ಲಿ ಫೋನು, ಕಣ್ಣೂ ಅದರಲ್ಲೇ.

ಮಾಸ್ಟರು ವ್ಯಾನಿನ ಬಾನೆಟ್ಟಿನ ಮೇಲೆ ಫೈಲು ಬಿಚ್ಚಿದರು. ಮೂರು ವಾರ ಕೂತು ಸುತ್ತಾಟಗಳಿಗೆಲ್ಲ ಅಂಕ ಹಾಕಿದ್ದರಂತೆ. ಜಲಪಾತಕ್ಕೆ ನೂರಕ್ಕೆ ಎಂಬತ್ತೊಂದು. ಬಿಳಿ ಮರಳಿನ ಕಡಲತೀರಕ್ಕೆ ಎಪ್ಪತ್ತನಾಲ್ಕು. ದೀಪಸ್ತಂಭಕ್ಕೆ ಮೂವತ್ತೈದು, ಅದೂ ಪಾಪ ಎಂದು ಪಾಸು ಮಾಡಿದ್ದು.

"ಭಾವ, ಬೀಚಿಗೇ ಹೋಗೋಣ," ಅಂದ ಭಾಮೈದ. "ಎಲ್ರೂ ಅಲ್ಲೇ ಫೋಟೊ ಹಾಕಿದಾರೆ."

"ಎಲ್ರೂ ಹಾಕಿದ ಮೇಲೆ ನೀನ್ಯಾಕಯ್ಯ ಹೋಗ್ಬೇಕು? ಅದನ್ನೇ ನೋಡ್ಕೋ."

"ಜಲಪಾತಕ್ಕೆ ದೂರ ಜಾಸ್ತಿ ಭಾವ."

"ದೂರ ಇದ್ದಿದ್ದಕ್ಕೇ ಎಂಬತ್ತೊಂದು ಬಂದಿರೋದು!"

ಎತ್ತು ಏರಿಗೆ, ಕೋಣ ನೀರಿಗೆ. ಹೆಂಡತಿಯನ್ನು ಯಾರೂ ಕೇಳಲಿಲ್ಲ. ಆಕೆ ವ್ಯಾನಿನ ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಳ್ಳುತ್ತಿದ್ದರು. ಒಂಬತ್ತೂಕಾಲಾಯಿತು, ಒಂಬತ್ತೂವರೆಯಾಯಿತು. ವ್ಯಾನಕ್ಕ ಗಂಟಲು ಸರಿಮಾಡಿಕೊಂಡಳು.

"ಸಾರ್, ನಾನೊಂದು ಮಾತು ಹೇಳ್ಲಾ? ದೀಪಸ್ತಂಭ ನೋಡಿ. ಹತ್ತಿರ, ತಂಪು, ಮೇಲಿಂದ ಸಮುದ್ರ ಏನ್ ಚೆನ್ನಾಗಿ ಕಾಣುತ್ತೆ ಅಂತೀರಾ! ಅಮ್ಮಾವ್ರಿಗೂ ಕಾಲು ನೋವು ಅಂತ ಕಾಣುತ್ತೆ. ಜಲಪಾತದಲ್ಲಿ ಈಗ ಎರಡು ಗಂಟೆ ಕ್ಯೂ, ಎಂಟು ನಿಮಿಷ ನೀರು. ಯಾಕೆ ಸುಮ್ನೆ?"

ಅಷ್ಟೂ ನಿಜ. ಹದಿನೆಂಟು ವರ್ಷದಲ್ಲಿ ಗಿರಾಕಿಯ ಮುಂದೆ ಅವಳು ಆಡಿದ ಮೊದಲ ಪೂರ್ತಿ ನಿಜ ಎಂದರೂ ತಪ್ಪಾಗದು. ಮಾಸ್ಟರು ಕನ್ನಡಕ ಮೂಗಿಗಿಳಿಸಿ ಅವಳನ್ನು ನೋಡಿದರು. ನಲವತ್ತು ವರ್ಷ ಕಾಪಿ ಹೊಡೆಯುವವರನ್ನು ಹಿಡಿದ ಕಣ್ಣು ಅದು.

"ಅತಿ ವಿನಯಂ ಧೂರ್ತ ಲಕ್ಷಣಂ," ಅಂದರು ಭಾಮೈದನ ಕಡೆ ತಿರುಗಿ. "ದೊಡ್ಡ ಟ್ರಿಪ್ಪು ಬಿಟ್ಟು ಸಣ್ಣದಕ್ಕೆ ಬನ್ನಿ ಅಂತ ಯಾವ ಡ್ರೈವರಾದ್ರೂ ಕರೀತಾನೇನೋ? ಅಲ್ಲಿ ಇವಳ ಕಡೆಯವರ ಅಂಗಡಿ ಇರುತ್ತೆ. ಕೂಡಿಹಾಕಿ ಚಾಪೆ, ಬುಟ್ಟಿ ಎಲ್ಲಾ ತಗೊಳ್ಳೋ ಹಾಗೆ ಮಾಡ್ತಾರೆ."

ವ್ಯಾನಕ್ಕನಿಗೆ ತಲೆ ಚಿಟ್ಟು ಹಿಡಿಯಿತು. ಸರಿ, ಹಳೆಯ ಪಾಠವನ್ನೇ ಒಪ್ಪಿಸೋಣ, ಅನುಮಾನದ ಮನುಷ್ಯ, ಉಲ್ಟಾ ಹೊಡೆಯಬಹುದು ಎಂದುಕೊಂಡಳು.

"ನಿಮ್ಮಿಷ್ಟ ಸಾರ್. ನಿಜ ಹೇಳ್ಬೇಕಂದ್ರೆ ಆ ಕಂಬದಲ್ಲಿ ಏನಿದೆ, ಮಣ್ಣು! ಜಲಪಾತಕ್ಕೇ ನಡೀರಿ. ಸ್ವರ್ಗ!"

"ನೋಡಿದ್ಯಾ?" ಅಂದರು ಮಾಸ್ಟರು ವಿಜಯದಿಂದ. "ಕೊನೆಗೂ ಬಾಯಿ ಬಿಟ್ಲು. ನನ್ನ ಅಂಕ ಸುಳ್ಳಾಗಲ್ಲ. ಜಲಪಾತಕ್ಕೇ ನಡಿಯಮ್ಮಾ."

ಬೇಕಿತ್ತಾ ಇದು? ಬುದ್ಧಿವಂತಿಕೆ ಮಾಡಲು ಹೋಗಿ ತಾನೇ ತೋಡಿದ ಹಳ್ಳಕ್ಕೆ ತಾನೇ ಬಿದ್ದಿದ್ದಳು. ಗಂಟೆ ಹತ್ತಾಗುತ್ತಿತ್ತು. ಈಗ ಹೊರಟರೆ ಐದಕ್ಕೆ ವಾಪಸು. ತಂಗಿ ಎರಡರಿಂದ ಮೂರರವರೆಗೆ ಗೇಟಿನ ಹತ್ತಿರ ಒಬ್ಬಳೇ ನಿಂತಿರುತ್ತಾಳೆ. ವ್ಯಾನಕ್ಕ ಮರ್ಯಾದೆ ಬಿಟ್ಟು ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟಳು: ತಂಗಿ, ಹಡಗು, ಎರಡು ಗಂಟೆ, ಆರು ವರ್ಷ, ಅಮ್ಮ.

ಮಾಸ್ಟರು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫೈಲಿನಲ್ಲೊಂದು ಹಾಳೆ ತಿರುವಿದರು. "ಇದನ್ನೂ ಓದಿದೀನಮ್ಮಾ. 'ಡ್ರೈವರ್‌ಗಳು ಹೇಳುವ ಕರುಣಾಜನಕ ಕಥೆಗಳು, ಎಚ್ಚರಿಕೆ.' ಹೋದ ಬಂದರಿನಲ್ಲಿ ಒಬ್ಬನಿಗೆ ಅಜ್ಜ ಸಾಯ್ತಿದ್ರು. ನಿನಗೆ ತಂಗಿ. ಚೆನ್ನಾಗೇ ಹೇಳ್ತೀಯ. ವ್ಯಾನು ಹತ್ತು, ಹೊರಡೋಣ."

ವ್ಯಾನಕ್ಕ ಹತ್ತಲಿಲ್ಲ. ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದ ಮೇಸ್ತ್ರಿಯ ಹತ್ತಿರ ಹೋಗಿ ಒಂದನೇ ಬಿಲ್ಲೆಯನ್ನು ಅವನ ಅಂಗೈಯಲ್ಲಿಟ್ಟಳು.

"ಏನಿದು?" ಅಂದ ಮೇಸ್ತ್ರಿ.

"ಸರದಿ ಬಿಟ್ಟೆ."

"ತಲೆ ಕೆಟ್ಟಿದೆಯಾ ವ್ಯಾನಕ್ಕ? ಸೀಸನ್ ಇನ್ನೂ ಮೂರು ತಿಂಗಳಿದೆ. ಎದೆನೋವಾ?"

"ಅಲ್ಲ."

"ಮತ್ತೆ ಲಾಟರಿನಾ?"

"ನಿಮ್ಮ ತಲೆ. ಬಿಟ್ಟೆ ಅಂದ್ರೆ ಬಿಟ್ಟೆ, ತಗೊಳ್ಳಿ ಮೇಸ್ತ್ರಿ."

ಸಾಲಿನುದ್ದಕ್ಕೂ ಸುದ್ದಿ ಓಡಿತು. ಎರಡನೇ ಬಿಲ್ಲೆಯ ಡ್ರೈವರನಿಗೆ ಹಲ್ಲುಕಡ್ಡಿ ಎಂದೇ ಹೆಸರು, ಬಾಯಿಂದ ಅದು ಇಳಿದದ್ದನ್ನು ಯಾರೂ ಕಂಡಿರಲಿಲ್ಲ. ಆಗ ಇಳಿಯಿತು. ಜಲಪಾತ ಕೂತಲ್ಲಿಗೇ ಬಂದಿತ್ತಲ್ಲ! ಓಡಿ ಬಂದು ಬಾಗಿಲು ತೆಗೆದು, "ಬನ್ನಿ ಸಾರ್, ಜಲಪಾತಕ್ಕೆ ತಾನೇ?" ಅಂದ.

ಮಾಸ್ಟರು ಮಾತ್ರ ನಿಂತಲ್ಲೇ ನಿಂತಿದ್ದರು. ಹುಬ್ಬು ಗಂಟಿಕ್ಕಿತ್ತು. "ಇರಪ್ಪಾ," ಅಂದರು. "ತುಂಬಿದ ಸೀಸನ್ನಲ್ಲಿ ಒಬ್ಬಳು ಡ್ರೈವರು ಗಿರಾಕೀನೇ ಬೇಡ ಅಂತ ಹೋಗ್ತಾಳೆ ಅಂದ್ರೆ ಆ ಜಲಪಾತದ ದಾರೀಲಿ ಏನೋ ಐಬಿದೆ. ರಸ್ತೆ ಕುಸಿದಿರಬೇಕು. ನಾವು ದೀಪಸ್ತಂಭಕ್ಕೇ ಹೋಗೋಣ."

ಹಲ್ಲುಕಡ್ಡಿ ಇಂಗು ತಿಂದ ಮಂಗನ ಹಾಗಾದ. ವ್ಯಾನಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಿಲ್ಲೆ ಕೊಡುವ ಮೊದಲೇ ಮಾಸ್ಟರಿಗೆ ಈ ಬುದ್ಧಿ ಬಂದಿದ್ದರೆ ಸರದಿಯೂ ಉಳಿಯುತ್ತಿತ್ತು, ತಂಗಿಯೂ ಸಿಗುತ್ತಿದ್ದಳು. ಅವಳು ಒಮ್ಮೆ ಮೇಸ್ತ್ರಿಯ ಮುಖ ನೋಡಿದಳು. ಮೇಸ್ತ್ರಿ ಬಿಲ್ಲೆಯನ್ನು ಜೇಬಿಗಿಳಿಸಿ ಆಕಾಶ ನೋಡಿದ. ಕಾನೂನು ಅಂದರೆ ಕಾನೂನು. ಇಡೀ ಊರಿನಲ್ಲಿ ಯಾರಾದರೂ ಪಾಲಿಸುತ್ತಿದ್ದ ಕಾನೂನು ಅದೊಂದೇ.

ಹಲ್ಲುಕಡ್ಡಿಯ ವ್ಯಾನು ಹತ್ತುವಾಗ ಮಾಸ್ಟರ ಹೆಂಡತಿ ಮಾತ್ರ ವ್ಯಾನಕ್ಕನ ಕೈ ಹಿಡಿದರು. "ಅವರಿಗೆ ಎಲ್ಲರೂ ಕಾಪಿ ಹೊಡೀತಿರೋ ಹಾಗೇ ಕಾಣುತ್ತಮ್ಮಾ," ಅಂದರು ಮೆಲ್ಲಗೆ. "ನಿನ್ನ ತಂಗಿ ಬರ್ತಾಳೆ, ಯೋಚ್ನೆ ಮಾಡ್ಬೇಡ."

ಹತ್ತರಿಂದ ಎರಡರವರೆಗೆ ವ್ಯಾನಕ್ಕ ಗೇಟಿನೆದುರಿನ ಸಿಮೆಂಟು ಕಟ್ಟೆಯ ಮೇಲೆ ಕೂತಿದ್ದಳು. ಕಣ್ಣೆದುರೇ ಸೀಸನ್ ಹರಿದುಹೋಗುತ್ತಿತ್ತು. ಟೋಪಿ ಹಾಕಿದವರು, ಛತ್ರಿ ಹಿಡಿದವರು, ಮಕ್ಕಳನ್ನು ಎಳೆದುಕೊಂಡು ಹೋಗುವವರು, ಎಲ್ಲಿಗೆ ಹೋಗುವುದು ಎಂದು ಗೇಟಿನಲ್ಲೇ ನಿಂತು ಜಗಳವಾಡಿ ಅರ್ಧ ದಿನ ಕಳೆದ ಗಂಡ ಹೆಂಡಿರು. ಟ್ರಿಪ್ಪಿಗೆ ಹೊರಟ ಪ್ರತಿ ಡ್ರೈವರೂ ಅವಳ ಮುಂದೆ ಹಾರ್ನು ಹೊಡೆದು, "ಏನಕ್ಕಾ, ರಿಟೈರ್ ಆದ್ರಾ?" ಎಂದು ಕೇಳಿಯೇ ಮುಂದೆ ಹೋದ. ಅವಳು ಒಬ್ಬೊಬ್ಬನಿಗೂ ಒಂದೊಂದು ಬೈಗುಳ ಕೊಟ್ಟು ಕಳಿಸಿದಳು.

ಎರಡಾಯಿತು. ಸಿಬ್ಬಂದಿಯ ಗೇಟಿನಿಂದ ಅಡುಗೆಯವರು, ಬಣ್ಣ ಬಳಿಯುವವರು, ಬ್ಯಾಂಡಿನವರು ಹೊರಗೆ ಬಂದರು. ತಂಗಿ ಬರಲಿಲ್ಲ. ಎರಡೂಕಾಲು. ಎರಡೂವರೆ. ಬರಲ್ಲ, ನನಗೆ ತಕ್ಕ ಶಾಸ್ತಿ ಮಾಡೋಕೇ ಕರೆಸಿದಾಳೆ ಎಂದುಕೊಂಡಳು ವ್ಯಾನಕ್ಕ. ಮಾಡಲಿ ಬಿಡು, ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ ಎಂದೂ ಅನ್ನಿಸಿತು. ಆದರೂ ಕಟ್ಟೆ ಬಿಟ್ಟು ಏಳಲಿಲ್ಲ.

ಎರಡು ಮೂವತ್ತೈದಕ್ಕೆ ತಂಗಿ ಬಂದಳು. ಸಮವಸ್ತ್ರದ ತೋಳು ಮೊಣಕೈವರೆಗೂ ಒದ್ದೆ, ಬಿಸಿನೀರಿಗೂ ಸೋಪಿಗೂ ಬೆರಳೆಲ್ಲ ಬಿರಿದಿದ್ದವು. ಮೂರು ಮಾರು ದೂರದಲ್ಲೇ ನಿಂತಳು.

"ಹೊರಡೋ ಹೊತ್ತಿಗೆ ಎಂಟುನೂರು ಟವೆಲ್ಲು ಬಂತು," ಅಂದಳು. ಅದು ಆರು ವರ್ಷದ ಮೇಲಿನ ಮೊದಲ ಮಾತು. ಆಮೇಲೆ, "ಟ್ರಿಪ್ಪಿಲ್ವಾ?"

"ಇಲ್ಲ."

"ನಾಲ್ಕು ಹಡಗು ಬಂದಿದೆ."

"ಬಂದಿದೆ."

"ವ್ಯಾನು ಕೆಟ್ಟಿದೆಯಾ?"

"ಚೆನ್ನಾಗಿದೆ. ಸರದಿ ಬಿಟ್ಟೆ."

ತಂಗಿಯೂ ಇದೇ ಊರಿನಲ್ಲಿ ಬೆಳೆದವಳು. ಸ್ಟ್ಯಾಂಡಿನ ಕಾನೂನು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. "ಸೀಸನ್ ಪೂರ್ತಿನಾ?" ಅಂದಳು. ವ್ಯಾನಕ್ಕ ತಲೆಯಾಡಿಸಿದಳು.

ತಂಗಿ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ಕೂತಳು. "ನೀನು ಬರಲ್ಲ ಅಂತಾನೇ ಮೆಸೇಜು ಹಾಕಿದ್ದು," ಅಂದಳು. "ಇಲ್ಲಿ ನಿಂತು, ಅವಳು ಇಷ್ಟೇ ಅಂದ್ಕೊಂಡು ವಾಪಸ್ ಹೋಗೋಣ ಅಂತಿದ್ದೆ. ಅಲ್ಲಿಗೆ ಮುಗೀತಿತ್ತು. ಬಂದ್ರೆ ಬೈಯೋಣ ಅಂತ ಆರು ವರ್ಷದಿಂದ ಒಂದೊಂದೇ ಜೋಡಿಸಿ ಇಟ್ಕೊಂಡಿದೀನಿ, ಗೊತ್ತಾ? ಬಟ್ಟೆ ಒಗೀತಾ ಒಗೀತಾ ಅದೇ ಕೆಲಸ. ಈಗ ಹಿಂಗೆ ಬಂದು ಕೂತಿದೀಯ. ಅದನ್ನೆಲ್ಲ ನಾನೇನ್ ಮಾಡ್ಲಿ?"

"ಬೈಯೇ," ಅಂದಳು ವ್ಯಾನಕ್ಕ. "ಇನ್ನೂ ಇಪ್ಪತ್ತು ನಿಮಿಷ ಇದೆ."

ತಂಗಿ ಬೈದಳು. ಅಮ್ಮ ಎಷ್ಟು ಸಲ ಬಾಗಿಲ ಕಡೆ ನೋಡಿದಳು ಎಂದು ಬೈದಳು. 'ದೊಡ್ಡವಳು ಬಂದ್ಲಾ' ಎಂದು ಕೇಳಿದಾಗಲೆಲ್ಲ 'ದಾರೀಲಿದಾಳೆ ಅಮ್ಮ' ಎಂದು ತಾನು ಹೇಳಿದ ಸುಳ್ಳು ಎಷ್ಟು ಎಂದು ಬೈದಳು. ಯಾರೋ ಹೊಸಬರಿಗೆ ನೀರು ಬೀಳೋದನ್ನು ತೋರಿಸೋಕೆ ಹೋಗಿದ್ಯಲ್ಲೇ, ನೀನೂ ಒಂದು ಮಗಳಾ ಎಂದು ಬೈದಳು. ದಾರಿಯಲ್ಲಿ ಹೋಗುತ್ತಿದ್ದ ಪ್ರವಾಸಿಗಳು ತಿರುಗಿ ತಿರುಗಿ ನೋಡಿದರು. ವ್ಯಾನಕ್ಕನ ಹತ್ತಿರವೂ ಉತ್ತರಗಳಿದ್ದವು, ಆರು ವರ್ಷದಿಂದ ಅವಳೂ ಜೋಡಿಸಿಟ್ಟಿದ್ದಳು. ಒಂದನ್ನೂ ಆಡಲಿಲ್ಲ. "ಹೌದು ಕಣೇ" ಎಂದಷ್ಟೇ ಅಂದಳು, ಕಣ್ಣೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ. ಇಂಥ ಸಮಾಧಾನ ಅವಳಿಗೆ ಯಾವ ಹೊಗಳಿಕೆಯಲ್ಲೂ ಸಿಕ್ಕಿರಲಿಲ್ಲ.

ಮೂರಕ್ಕೆ ಐದು ನಿಮಿಷ ಇದ್ದಾಗ ತಂಗಿ ಎದ್ದು ಒದ್ದೆ ತೋಳಿನಲ್ಲೇ ಮುಖ ಒರೆಸಿಕೊಂಡಳು.

"ಇನ್ನೂ ಅರ್ಧಾನೂ ಆಗಿಲ್ಲ," ಅಂದಳು. "ಹದಿನಾಲ್ಕು ದಿನಕ್ಕೆ ಮತ್ತೆ ಬರುತ್ತೆ ನಮ್ಮ ಹಡಗು. ಇರ್ತೀಯಾ ಅಕ್ಕಾ?"

"ಎಲ್ಲಿಗೆ ಹೋಗ್ಲೇ?" ಅಂದಳು ವ್ಯಾನಕ್ಕ. "ಮೂವತ್ತೆರಡನೇ ಬಿಲ್ಲೆ ನಂದು. ನಿಧಾನಕ್ಕೇ ಬೈಯಬಹುದು."